ಸೊಟ್ಟನ ಹೊಡೆತ

ಪೂಲ್ ಟೇಬಲಿನ ಹಳೆಯ ಬಟ್ಟೆ ಕಿತ್ತು ಹೊಸ ಬಟ್ಟೆ ಹೊದಿಸುವುದು ಅವಳ ಕಸುಬು. ಅಪ್ಪನಿಂದ ಬಂದದ್ದು. ಅಪ್ಪ ಓಡಾಡುತ್ತಿದ್ದ ಕಾಲದಲ್ಲಿ ಸಾಮಾನಿನ ಚೀಲ ಹಿಡಿದು ಅವನ ಹಿಂದೆ ಹೋಗುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಒಬ್ಬಳೇ ಹೊರಟಳು. ಹೆಂಗಸೊಬ್ಬಳು ಉಳಿ, ಸುತ್ತಿಗೆ, ರಸಮಟ್ಟ ಹಿಡಿದು ಬಂದರೆ ಮೊದಮೊದಲು ಪೂಲ್ ಆಡಿಸುವ ಹಾಲ್‌ನವರು ಅವಳ ಬೆನ್ನ ಹಿಂದೆ ಗಂಡಸರು ಯಾರಾದರೂ ಬರುತ್ತಿದ್ದಾರೇನೋ ಎಂದು ಬಾಗಿಲ ಕಡೆ ಇಣುಕುತ್ತಿದ್ದರು. ಈಗ ಯಾರೂ ಇಣುಕುವುದಿಲ್ಲ. ಸುತ್ತಲಿನ ಎಲ್ಲ ಊರುಗಳ ಹಾಲ್‌ಗಳಲ್ಲೂ ಅವಳಿಗೆ ಟೇಬಲಕ್ಕ ಎಂದೇ ಹೆಸರು.

ಟೇಬಲಕ್ಕ ಆಟ ಮಾತ್ರ ಆಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಹಾಲ್‌ನ ಯಜಮಾನರು ಕ್ಯೂ ಕೋಲು ಮುಂದೆ ಚಾಚಿ, ನೀವೇ ಮೊದಲು ಒಂದು ಹೊಡೆಯಿರಿ ಎಂದು ಉಪಚಾರ ಮಾಡುತ್ತಿದ್ದರು. ಅವಳು ಚೆಂಡನ್ನು ಕೈಯಿಂದಲೇ ಉರುಳಿಸಿ, ಅದು ಯಾವ ಕಡೆಗೂ ವಾಲದೆ ನಿಂತದ್ದನ್ನು ನೋಡಿ ಚೀಲ ಕಟ್ಟಿಬಿಡುತ್ತಿದ್ದಳು. ಚೆಂಡಿಗೆ ಚೆಂಡು ತಾಗುವ ಸದ್ದು ಅವಳಿಗೆ ಆಗಿಬರುತ್ತಿರಲಿಲ್ಲ. ಅದಕ್ಕೆ ಕಾರಣ ಅವಳ ತಮ್ಮ.

ಅವರ ಮನೆಯ ಹಿಂಭಾಗದಲ್ಲೊಂದು ಉದ್ದನೆಯ ಇಕ್ಕಟ್ಟು ಕೋಣೆ. ಯಾವುದೋ ಹಾಲ್ ಮುಚ್ಚಿಹೋದಾಗ ಅಪ್ಪ ಅಲ್ಲಿಂದ ಹಳೆಯ ಟೇಬಲೊಂದನ್ನು ತಂದು ಆ ಕೋಣೆಯಲ್ಲಿ ತುರುಕಿದ್ದ. ಎಡಗಡೆ ನಡೆದಾಡುವಷ್ಟು ಜಾಗ ಉಳಿಯಿತು. ಬಲಗಡೆ ಟೇಬಲಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳಬೇಕು. ತಮ್ಮ ಆಟ ಕಲಿತದ್ದೇ ಅಲ್ಲಿ. ಬಲ ಅಂಚಿನ ರಬ್ಬರು ಕಟ್ಟೆಯ, ಅಂದರೆ ಕುಶನ್ನಿನ, ಪಕ್ಕದಲ್ಲಿ ಉದ್ದಕ್ಕೆ ಹೊಡೆಯಲು ಬಾಗಿದರೆ ಮೊಣಕೈ ಗೋಡೆಗೆ ಉಜ್ಜುತ್ತಿತ್ತು. ಹಾಗಾಗಿ ಹುಡುಗ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಭುಜವನ್ನು ಕುಗ್ಗಿಸಿ ಹೊಡೆಯುವುದನ್ನು ರೂಢಿಸಿಕೊಂಡ. ಕೈ ಹಾಗೆ ಮಡಚಿಕೊಂಡರೆ ಕೋಲು ನೇರ ಬರುವುದಿಲ್ಲ; ಕೊನೆಯ ಗಳಿಗೆಯಲ್ಲಿ ತುದಿ ಎಡಕ್ಕೆ ಜಾರಿ, ಕೋಲಿನಿಂದ ಹೊಡೆಯುವ ಬಿಳಿ ಚೆಂಡಿನ ನಟ್ಟನಡುವೆ ತಾಗುವ ಬದಲು ಎಡ ಮಗ್ಗುಲಿಗೆ ತಾಗುತ್ತದೆ.

ಎಡ ಮಗ್ಗುಲಿಗೆ ಪೆಟ್ಟು ತಿಂದ ಬಿಳಿ ಚೆಂಡು ಬುಗುರಿಯ ಹಾಗೆ ತಿರುಗುತ್ತಾ ಹೋಗುತ್ತದೆ. ಮುಂದಿನ ಚೆಂಡಿಗೆ ತಾಗಿದ ಆ ಕಣ್ಣೆವೆ ಇಕ್ಕುವಷ್ಟು ಹೊತ್ತಿನಲ್ಲಿ ಅದನ್ನು ಉಜ್ಜಿ, ಬಲಕ್ಕೆ ಒಂದಿಷ್ಟು ತಳ್ಳಿಬಿಡುತ್ತದೆ. ತಳ್ಳುವುದು ಕೂದಲೆಳೆಯಷ್ಟೇ, ಆದರೆ ಟೇಬಲಿನ ಆ ತುದಿ ಮುಟ್ಟುವಾಗ ಅದು ಹೆಬ್ಬೆರಳಗಲ ಆಗಿರುತ್ತದೆ. ಇದನ್ನೆಲ್ಲ ತಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಕೈಯೇ ತಿಳಿದುಕೊಂಡಿತ್ತು. ಚೆಂಡು ಬೀಳುವ ಮೂಲೆಯ ಪಾಕೆಟ್ಟಿಗೆ ಗುರಿ ಹಿಡಿಯುವ ಬದಲು ಅದರ ಎಡಕ್ಕೆ, ಕುಶನ್ನಿಗೇ ಬಡಿಯುವ ಹಾಗೆ ಗುರಿ ಹಿಡಿಯುತ್ತಿದ್ದ. ನೋಡುವವರು ತಪ್ಪಿತು ಎನ್ನುವಷ್ಟರಲ್ಲಿ ಚೆಂಡು ಒಳಗೆ ಬಿದ್ದಿರುತ್ತಿತ್ತು. ಹೊಡೆದಾದ ಮೇಲೆ ಎಡ ಅಂಗೈಯಿಂದ ಬಲ ಮೊಣಕೈ ಉಜ್ಜಿಕೊಳ್ಳುತ್ತಿದ್ದ, ಗೋಡೆಯ ಸುಣ್ಣ ಅಂಟಿರುತ್ತಿತ್ತಲ್ಲ.

ಅವನಿಗೆ ಸೊಟ್ಟ ಎಂದು ಹೆಸರಿಟ್ಟದ್ದು ಅಪ್ಪನೇ. ಮೊದಲು ತಮಾಷೆಗೆ; ಹುಡುಗನಿಗೆ ಮೀಸೆ ಬರುವ ಹೊತ್ತಿಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ. ಅಪ್ಪ ರಸಮಟ್ಟದ ಮನುಷ್ಯ, ಊಟದ ತಟ್ಟೆ ಓರೆ ಇಟ್ಟರೂ ಕಣ್ಣು ಕಿರಿದು ಮಾಡುವವನು. ಮಗನ ಕೈ ನೇರ ಮಾಡುವುದು ಅವನಿಗೆ ಹಟವಾಯಿತು. ಮೊಣಕೈ ಆಚೆ, ಮೊಣಕೈ ಆಚೆ ಎಂದು ಬೆನ್ನ ಹಿಂದೆ ನಿಂತು ಗದರುತ್ತಿದ್ದ. ಆಚೆ ಗೋಡೆ ಇದೆಯಲ್ಲ ಎಂದು ಮಗ ಎದುರು ಹೇಳುತ್ತಿದ್ದ. ಗೋಡೆ ಇಲ್ಲದ ಕಡೆ ಹೊಡೆದರೂ ಮೊಣಕೈ ಆಚೆ ಹೋಗುತ್ತಿರಲಿಲ್ಲ. ಒಂದು ದಿನ ಮಾತಿಗೆ ಮಾತು ಬೆಳೆದು, ನೇರ ಹೊಡೆಯುವುದು ಬಂದ ಮೇಲೆ ಈ ಮನೆಗೆ ಕಾಲಿಡು ಎಂದುಬಿಟ್ಟ ಅಪ್ಪ. ತಮ್ಮ ಕೋಲು ಎತ್ತಿಕೊಂಡು ಹೊರಟ.

ಆಮೇಲೆ ಅವನದು ಊರೂರು ಸುತ್ತುವ ಬದುಕು. ಯಾವ ಊರು, ಯಾರ ಮನೆ ಎಂದು ಹೇಳುತ್ತಿರಲಿಲ್ಲ. ಅಕ್ಕನಿಗೆ ಮಾತ್ರ ಆಗೀಗ ಫೋನ್ ಮಾಡುತ್ತಿದ್ದ. ಅಪ್ಪನಿಗೆ ಲಕ್ವ ಹೊಡೆದು ಒಂದು ಕಡೆ ಕೈಕಾಲು ಬಿದ್ದುಹೋದಾಗ ಅವಳು ತಿಳಿಸಿದಳು. ಅವನು ನಾಳೆಯೇ ಹೊರಡುತ್ತೇನೆ ಎಂದ.

"ಬಂದಾಗ ನಿನಗೊಂದು ವಿಷಯ ಹೇಳೋದಿದೆ ಅಕ್ಕ. ಫೋನಲ್ಲಿ ಹೇಳೋದಲ್ಲ."

ಬರುವ ದಾರಿಯಲ್ಲಿ ಬಸ್ಸು ಲಾರಿಗೆ ಡಿಕ್ಕಿ ಹೊಡೆಯಿತು. ಜೇಬಿನಲ್ಲಿದ್ದ ಗುರುತಿನ ಕಾರ್ಡ್ ಹಿಡಿದು ಪೊಲೀಸರು ಮನೆ ಹುಡುಕಿಕೊಂಡು ಬಂದರು. ಫೋನು ಪುಡಿಯಾಗಿತ್ತು. ಅವನು ಹೇಳಬೇಕೆಂದಿದ್ದ ವಿಷಯ ಅವನ ಜೊತೆಗೇ ಹೋಯಿತು.

ಹಿಂಭಾಗದ ಟೇಬಲಿನ ಕೋಣೆಗೆ ಬೀಗ ಬಿತ್ತು. ಆದರೆ ಅಡಿಗೆಮನೆಯಲ್ಲಿ ನಿಂತಿರುವಾಗ, ಹಗಲು ಹೊತ್ತಿನಲ್ಲೇ, ಹಿಂದಿನಿಂದ ಟಕ್ ಎಂದು ಸದ್ದು ಬರುತ್ತಿತ್ತು. ಚೆಂಡಿಗೆ ಚೆಂಡು ತಾಗಿದ ಸದ್ದು. ಟೇಬಲಕ್ಕ ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು, ಮುಂದೆ ಪಾಕೆಟ್ಟಿನಲ್ಲಿ ಬೀಳುವ ಸದ್ದಿಗಾಗಿ ಕಾಯುತ್ತಿದ್ದಳು. ಅದು ಬರುತ್ತಿರಲಿಲ್ಲ. ಮನಸ್ಸಿನ ಭ್ರಮೆ ಎಂದುಕೊಂಡಳು. ಒಂದು ಮಧ್ಯಾಹ್ನ ಹಾಸಿಗೆಯ ಮೇಲಿದ್ದ ಅಪ್ಪ ಕಣ್ಣು ತೆರೆಯದೆ, ತೊದಲು ನಾಲಗೆಯಲ್ಲಿ ಹೇಳಿದ: "ಅವನಿಗೆ ಸಾಕು ಅಂತ ಹೇಳು. ಇನ್ನು ಮಲಗಲಿ." ಅಪ್ಪನಿಗೂ ಕೇಳುತ್ತಿದೆ ಎಂದು ಗೊತ್ತಾದ ಮೇಲೆ ಭ್ರಮೆ ಎನ್ನುವ ಧೈರ್ಯವೂ ಹೋಯಿತು. ಸ್ವಲ್ಪ ದಿನಕ್ಕೆ ಅಪ್ಪನೂ ಹೋದ. ಆಮೇಲೆ ಕೇಳುವವಳು ಅವಳೊಬ್ಬಳೇ ಉಳಿದಳು.

ಇದಾಗಿ ಎಂಟೊಂಬತ್ತು ವರ್ಷ ಕಳೆದಿರಬೇಕು. ಹಿಂದೆಂದೂ ಹೋಗಿರದ ಒಂದು ಊರಿನಿಂದ ಟೇಬಲಕ್ಕನಿಗೆ ಕೆಲಸಕ್ಕೆ ಕರೆ ಬಂತು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಟೈರು ಅಂಗಡಿಯ ಮಹಡಿಯ ಮೇಲೆ ನಾಲ್ಕು ಟೇಬಲಿನ ಹಾಲ್. ಯಜಮಾನನಿಗೆ ಹೊಟ್ಟೆಯೂ ದೊಡ್ಡದು, ಬಾಯಿಯೂ ದೊಡ್ಡದು. ಮೂಲೆಯ ಟೇಬಲನ್ನು ತೋರಿಸಿ, ಇದರ ಬಟ್ಟೆ ನನ್ನ ತಲೆಗಿಂತ ಬೋಳಾಗಿದೆ, ನೋಡಿ ಅಕ್ಕಾವ್ರೇ ಎಂದು ತಾನೇ ನಕ್ಕ.

ಬಟ್ಟೆ ಕೀಳುವ ಮೊದಲು ಅದರ ಮೇಲೆ ಅಂಗೈ ಆಡಿಸುವುದು ಅವಳ ಅಭ್ಯಾಸ. ಸವೆದ ಬಟ್ಟೆ ನೋಡಿದರೆ ಅಲ್ಲಿ ಆಡುವವರು ಎಂಥವರು ಎಂದು ಗೊತ್ತಾಗುತ್ತದೆ. ಎಲ್ಲರೂ ಆಟ ಶುರು ಮಾಡುವ ಜಾಗದಲ್ಲಿ ಬೋಳು ಕಲೆ, ಮಧ್ಯದ ಪಾಕೆಟ್ಟುಗಳ ಬಾಯಲ್ಲಿ ಜೂಲು. ಅದೆಲ್ಲ ಎಲ್ಲ ಕಡೆ ಇರುವುದೇ. ಬಲ ಕುಶನ್ನಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಬಿಳಿ ಚೆಂಡು ಇಟ್ಟು ಇಟ್ಟು, ಹೊಡೆದು ಹೊಡೆದು, ಬಟ್ಟೆ ಸುಟ್ಟು ಸಣ್ಣ ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಕೂತಿದ್ದವು. ಅಲ್ಲಿಂದ ಮುಂದಕ್ಕೆ ಒಂದು ಗೆರೆ. ಆ ಗೆರೆ ಪಾಕೆಟ್ಟಿನ ಕಡೆಗಿರಲಿಲ್ಲ. ಅದರ ಎಡಕ್ಕೆ, ಇನ್ನೇನು ತಪ್ಪುತ್ತದೆ ಎನ್ನುವ ಕಡೆಗಿತ್ತು. ಅರ್ಧ ದಾರಿಯಲ್ಲಿ ಇನ್ನೊಂದು ಚೆಂಡು ಇಡುತ್ತಿದ್ದ ಜಾಗದ ಗುಳಿ. ಅಲ್ಲಿಂದ ಎರಡನೆಯ ಗೆರೆ ಸೀದಾ ಪಾಕೆಟ್ಟಿಗೆ.

ಇಂಥ ಗೆರೆಯನ್ನು ಅವಳು ಒಂದೇ ಒಂದು ಟೇಬಲಿನ ಮೇಲೆ ನೋಡಿದ್ದಳು. ಬಿಸಿ ಬಾಣಲೆ ಮುಟ್ಟಿದ ಹಾಗೆ ಕೈ ಹಿಂದೆ ಎಳೆದುಕೊಂಡಳು.

ಇಲ್ಲಿ ಯಾರು ಆಡುತ್ತಾರೆ ಎಂದು ಕೇಳಿದಾಗ ಯಜಮಾನನಿಗೆ ಹುರುಪು ಬಂತು. ಮುಂದಿನ ರಸ್ತೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಮೇಡಂ ಒಬ್ಬರಿದ್ದಾರೆ, ಬೆಳಗಿನ ಪಾಳಿ ಮುಗಿಸಿ ದಿನಾ ಮಧ್ಯಾಹ್ನ ಬರುತ್ತಾರೆ, ಯಾರ ಜೊತೆಗೂ ಆಡುವುದಿಲ್ಲ, ಇದೇ ಟೇಬಲಿನಲ್ಲಿ ಇದೇ ಒಂದು ಹೊಡೆತ ಹೊಡೆದುಕೊಂಡು ಹೋಗುತ್ತಾರೆ ಎಂದ. ಹಾಲ್‌ನಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಮೇಡಂ ಎನ್ನುತ್ತಾರಂತೆ. "ಅದೇನು ಹೊಡೆತಾನೋ. ನೋಡಿದ್ರೆ ತಪ್ಪಿತು ಅನ್ಸುತ್ತೆ, ಒಳಗೆ ಬಿದ್ದಿರುತ್ತೆ. ನಾನೂ ಹಾಗೇ ಮಾಡೋಕೆ ಹೋಗಿ ಚೆಂಡನ್ನ ಕಿಟಕಿಯಿಂದ ಆಚೆ ಕಳಿಸಿದೀನಿ."

ಟೇಬಲಕ್ಕ ಕೆಲಸಕ್ಕೆ ಕೂತಳು. ಕುಶನ್ನುಗಳನ್ನು ಬಿಚ್ಚಿದಳು, ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿದಳು. ಆ ಬಟ್ಟೆಯನ್ನು ಕಿತ್ತು ಸುತ್ತಿಟ್ಟಳು. ಊಟದ ಹೊತ್ತು ದಾಟುವಾಗ ಬಟ್ಟೆಯ ಅಡಿಗಿದ್ದ ಟೇಬಲಿನ ಕಲ್ಲುಹಲಗೆ ಬರಿಮೈಯಾಗಿ, ಅವಳು ಅದರ ಬದಿಯಲ್ಲಿ ಮಂಡಿಯೂರಿ ಹಳೆಯ ಅಂಟು ಹೆರೆಯುತ್ತಿದ್ದಳು. ಆಗ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು.

ಬಂದವಳು ಟೇಬಲಕ್ಕನಿಗಿಂತ ಕೆಲವು ವರ್ಷ ಚಿಕ್ಕವಳಿರಬೇಕು. ತೆಳ್ಳಗಿನ ಮೈ, ಬಿಗಿಯಾಗಿ ಕಟ್ಟಿದ ಕೂದಲು, ಆಸ್ಪತ್ರೆಯವರು ಹಾಕುವ ಬಿಳಿ ಷೂ. ತನ್ನ ಟೇಬಲು ಬರಿಗಲ್ಲಾಗಿರುವುದನ್ನು ನೋಡಿ ಒಂದು ಕ್ಷಣ ನಿಂತು, ಪಕ್ಕದ ಟೇಬಲಿಗೆ ಹೋದಳು. ಎರಡು ಚೆಂಡು ಇಟ್ಟಳು. ಕೋಲಿನ ತುದಿಗೆ ನೀಲಿ ಚಾಕ್ ಉಜ್ಜಿ ಬಾಗಿದಳು.

ಅವಳ ಬಲಕ್ಕೆ ಗಾಡಿ ನಿಲ್ಲಿಸುವಷ್ಟು ಖಾಲಿ ಜಾಗವಿತ್ತು. ಆದರೂ ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಭುಜ ಕುಗ್ಗಿಸಿದಳು. ಅಲ್ಲಿ ಇಲ್ಲದ ಗೋಡೆಗೆ ಕೈ ತಾಗದ ಹಾಗೆ ಮೈಯನ್ನೆಲ್ಲ ಎಡಕ್ಕೆ ವಾಲಿಸಿ, ಮೆಲ್ಲನೆ ಹೊಡೆದಳು. ಟಕ್. ಕುಶನ್ನಿಗೆ ಹೋಗಬೇಕಾಗಿದ್ದ ಚೆಂಡು ಪಾಕೆಟ್ಟಿಗೆ ಬಿತ್ತು. ಅವಳು ನೆಟ್ಟಗೆ ನಿಂತು, ಎಡ ಅಂಗೈಯಿಂದ ಬಲ ಮೊಣಕೈಯನ್ನು ಉಜ್ಜಿಕೊಂಡಳು. ಅಂಟಿಕೊಳ್ಳಲು ಅಲ್ಲಿ ಸುಣ್ಣವೇ ಇರಲಿಲ್ಲ.

"ಸೊಟ್ಟ," ಎಂದಿತು ಟೇಬಲಕ್ಕನ ಬಾಯಿ. ಅವಳು ಹೇಳಬೇಕೆಂದು ಹೇಳಿದ್ದಲ್ಲ.

ಎಕ್ಸ್‌ರೇ ಮೇಡಂ ತಿರುಗಿದಳು. ಮುಖದಲ್ಲಿ ರಕ್ತವಿರಲಿಲ್ಲ.

"ಯಾರು ನೀವು?"

"ಅವನ ಅಕ್ಕ."

ಮೇಡಂ ಕೋಲನ್ನು ಟೇಬಲಿನ ಮೇಲೆ ಇಟ್ಟಳು, ಬಹಳ ಜೋಪಾನವಾಗಿ, ಒಡೆಯುವ ಸಾಮಾನು ಇಡುವವರ ಹಾಗೆ.

"ಚೆನ್ನಾಗಿದ್ದಾರಾ?"

ಆ ಒಂದು ಮಾತಿನಲ್ಲಿ ಇಷ್ಟು ವರ್ಷದ ಸಿಟ್ಟು ಕಟ್ಟಿಟ್ಟಿತ್ತು. ಟೇಬಲಕ್ಕನಿಗೆ ಆಗ ಹೊಳೆಯಿತು: ಇವಳಿಗೆ ಗೊತ್ತಿಲ್ಲ. ಇವಳ ಮಟ್ಟಿಗೆ ಅವನಿನ್ನೂ ಎಲ್ಲೋ ಉಸಿರಾಡಿಕೊಂಡು ಇದ್ದಾನೆ. ಹೇಳಬೇಕು ಎಂದು ಬಾಯಿ ತೆರೆದಳು, ನಾಲಗೆ ಏಳಲಿಲ್ಲ. ಆ ಮೌನವನ್ನು ಮೇಡಂ ಬೇರೆ ಥರ ತಿಳಿದುಕೊಂಡಳು.

"ಇರಲಿ ಬಿಡಿ. ಅಪ್ಪನ್ನ ನೋಡ್ಕೊಂಡು ಒಂದು ವಾರಕ್ಕೆ ಬರ್ತೀನಿ ಅಂದವರು. ಮನೆಯವರೆಲ್ಲ ಸೇರಿ ಒಳ್ಳೆ ಕಡೆ ಮದುವೆ ಮಾಡಿರ್ತೀರಿ." ಚೀಲ ಹೆಗಲಿಗೇರಿಸಿದಳು. "ನನ್ನನ್ನ ನೋಡಿದ್ದಾಗಿ ಅವರಿಗೆ ಹೇಳಬೇಡಿ."

ಮೆಟ್ಟಿಲಿಳಿದು ಹೋದಳು. ಟೇಬಲಕ್ಕ ಹಿಂದೆ ಓಡಬೇಕಿತ್ತು. ಹೆರೆಯುವ ಉಳಿ ಹಿಡಿದು ಕೂತಲ್ಲೇ ಇದ್ದಳು. ಯಜಮಾನ ಒಮ್ಮೆ ಮೆಟ್ಟಿಲ ಕಡೆ, ಒಮ್ಮೆ ಇವಳ ಕಡೆ ನೋಡಿ, ನೀರು ತಂದುಕೊಟ್ಟ.

ಸಾವಿನ ಸುದ್ದಿಯನ್ನು ಅಂದು ಅವಳಿಗೆ ಬೇರೆಯವರು ತಂದಿದ್ದರು. ಈಗ ಅದನ್ನು ತಾನು ಇನ್ನೊಬ್ಬರಿಗೆ ಒಯ್ಯಬೇಕಿತ್ತು. ಆ ರಾತ್ರಿ ಲಾಡ್ಜಿನ ಹಾಸಿಗೆಯಲ್ಲಿ ಮಾತುಗಳನ್ನು ಜೋಡಿಸಿ ನೋಡಿದಳು. ಹೇಗೆ ಜೋಡಿಸಿದರೂ ಕೊನೆಗೆ ಅದೇ ಒಂದು ಮಾತು ಬರುತ್ತಿತ್ತು. ಬೆಳಗ್ಗೆ ಎದ್ದು ಹೋಗಿ ಕೆಲಸದಲ್ಲಿ ಮುಳುಗಿದಳು. ಕಲ್ಲಿನ ಸಂದುಗಳಿಗೆ ಜೇನುಮೇಣ ತುಂಬಿ, ರಸಮಟ್ಟ ಇಟ್ಟು, ಹೊಸ ಬಟ್ಟೆಯನ್ನು ನೆರಿಗೆ ಬಾರದ ಹಾಗೆ ಎಳೆದು ಹೊದಿಸಿದಳು. ಚೆಂಡುಗಳನ್ನೂ ತೊಳೆದುಕೊಡಿ ಎಂದ ಯಜಮಾನ. ತಂದಾಗಿನಿಂದ ಅವಕ್ಕೆ ಸೋಪು ತಾಗಿರಲಿಲ್ಲ. ಬಕೆಟ್ಟಿನ ಬೆಚ್ಚನೆಯ ನೀರು ಚಾಕಿನ ನೀಲಿಗೆ, ಕೈಯ ಜಿಡ್ಡಿಗೆ ಕೆಸರಾಯಿತು. ಒರೆಸಿ, ಪಾಲಿಷ್ ಹಚ್ಚಿ ಉಜ್ಜಿದ ಮೇಲೆ ಚೆಂಡಿನಲ್ಲಿ ಕಿಟಕಿ ಕಾಣುತ್ತಿತ್ತು.

ಮೇಡಂ ಬಂದೇ ಬಂದಳು, ಹಿಂದಿನ ದಿನಕ್ಕಿಂತ ಬೇಗ. ಅವಳ ಕಣ್ಣೂ ಊದಿಕೊಂಡಿತ್ತು. ಯಾರ ಕಡೆಗೂ ನೋಡದೆ ನೆಟ್ಟಗೆ ಮೂಲೆಯ ಟೇಬಲಿಗೆ ಹೋಗಿ, ಎರಡು ಚೆಂಡು ಇಟ್ಟು, ಮೊಣಕೈ ಒತ್ತಿಕೊಂಡು ಹೊಡೆದಳು.

ಚೆಂಡು ಪಾಕೆಟ್ಟಿನ ಎಡ ತುಟಿಗೆ ಬಡಿದು ವಾಪಸ್ಸು ಬಂತು.

ಮತ್ತೆ ಇಟ್ಟಳು. ಮತ್ತೆ ಅದೇ ತುಟಿ. ಇನ್ನೊಮ್ಮೆ ಇಟ್ಟು, ಉಸಿರು ಬಿಗಿಹಿಡಿದು ಹೊಡೆದಳು. ಬೀಳಲಿಲ್ಲ. ಅವಳ ಮುಖದಲ್ಲಿ ಕಂಡದ್ದು ಸೋತವರ ಬೇಸರವಲ್ಲ, ಕತ್ತಲಲ್ಲಿ ಪಕ್ಕದವರ ಕೈ ಬಿಟ್ಟುಹೋದವರ ಗಾಬರಿ.

"ಏನು ಮಾಡಿದ್ರಿ ಇದಕ್ಕೆ?"

ಟೇಬಲಕ್ಕ ಹತ್ತಿರ ಹೋದಳು. "ಟೇಬಲಿಗೆ ಏನೂ ಆಗಿಲ್ಲ. ಚೆಂಡು ತೊಳೆದೆ. ಕೊಳೆ ಇದ್ರೆ ಚೆಂಡು ಚೆಂಡನ್ನ ಹಿಡ್ಕೊಳ್ಳುತ್ತೆ, ನೀವು ತಿರುಗಿಸಿದ್ದು ಅದಕ್ಕೂ ಹತ್ತಿ ಬಲಕ್ಕೆ ತಳ್ಳುತ್ತೆ. ಈಗ ನುಣ್ಣಗಿದೆ. ತಾಗಿದ್ದೇ ಜಾರಿಬಿಡುತ್ತೆ, ತಳ್ಳೋದು ಕಮ್ಮಿ."

"ಹಾಗಾದ್ರೆ ನನ್ನ ಗುರಿ ತಪ್ಪಿಲ್ಲ."

"ಇಲ್ಲ. ಹಳೇ ಚೆಂಡಿಗೆ ಅದು ಸರಿಯಾದ ಗುರಿ."

ಮೇಡಂ ಬಿಳಿ ಚೆಂಡನ್ನು ಕೈಗೆತ್ತಿಕೊಂಡು ನೋಡಿದಳು. "ಅವರೂ ಇನ್ನೂ ಹೀಗೇ ಹೊಡೀತಾರಾ? ಕೈ ಹೀಗೇ ಹಿಡೀತಾರಾ?"

ಅಷ್ಟು ಹೊತ್ತು ಜೋಡಿಸಿಟ್ಟ ಮಾತೆಲ್ಲ ಟೇಬಲಕ್ಕನಿಗೆ ಮರೆತುಹೋಯಿತು.

"ಅವನು ಮನೆಗೆ ಬರಲೇ ಇಲ್ಲಮ್ಮ. ನಿಮ್ಮ ಹತ್ತಿರದಿಂದ ಹೊರಟ ದಿನವೇ, ದಾರೀಲಿ ಬಸ್ಸು... ಅವತ್ತೇ ಹೋಗಿಬಿಟ್ಟ."

ಮೇಡಂ ಅಳಲಿಲ್ಲ. ಬಿಳಿ ಚೆಂಡನ್ನು ಹೊಸ ಬಟ್ಟೆಯ ಮೇಲೆ ಇಟ್ಟು, ಅಂಗೈ ಕೆಳಗೆ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾ ನಿಂತಳು. ಯಜಮಾನ ಉಳಿದ ಟೇಬಲುಗಳಲ್ಲಿ ಆಡುತ್ತಿದ್ದವರಿಗೆ ಕೈಸನ್ನೆ ಮಾಡಿ ಕೆಳಗೆ ಕಳಿಸಿದ. ತಾನೂ ಇಳಿದುಹೋದ.

ಅವರೆಲ್ಲ ಹೋದ ಮೇಲೆ ಮೇಡಂ ಹೇಳತೊಡಗಿದಳು. ವಾರವಿಡೀ ಅವನ ನಂಬರಿಗೆ ಫೋನ್ ಮಾಡಿದ್ದಳಂತೆ. ತಿಂಗಳು ಕಳೆದರೂ ಬಿಟ್ಟಿರಲಿಲ್ಲ. ಅಪ್ಪನ ಹೆಸರೆತ್ತಿದರೆ ಅವನು ಮಾತು ಮುಗಿಸಿಬಿಡುತ್ತಿದ್ದುದರಿಂದ ಅವನ ಮನೆ ಯಾವ ಊರಲ್ಲಿ ಎಂದೂ ಅವಳಿಗೆ ಗೊತ್ತಿರಲಿಲ್ಲ. ಮುಂದೊಂದು ದಿನ ಆ ನಂಬರಿನಲ್ಲಿ ಯಾವನೋ ಬೇರೆ ಗಂಡಸು ಹಲೋ ಎಂದ; ತನ್ನವನೇ ಬೇಕೆಂದು ಬೇರೆಯವರಿಂದ ಮಾತಾಡಿಸುತ್ತಿದ್ದಾನೆ ಎಂದುಕೊಂಡು ಆ ಪಾಪದವನಿಗೂ ಬಾಯಿಗೆ ಬಂದ ಹಾಗೆ ಬೈದಿದ್ದಳು.

"ಬೈಯದ ದಿನವೇ ಇಲ್ಲ. ಇಲ್ಲಿಗೆ ಬಂದು ಪ್ರತಿ ಹೊಡೆತಕ್ಕೂ ಒಂದೊಂದು ಬೈದಿದೀನಿ. ಎಲ್ಲಿದ್ರೂ ನೆಮ್ಮದಿ ಸಿಗದೆ ಇರಲಿ, ಮಲಗಿದ್ರೆ ನಿದ್ದೆ ಹತ್ತದೆ ಇರಲಿ ಅಂತ." ಅವಳ ಧ್ವನಿ ಇಳಿಯಿತು. "ಯಾರಿಗೆ ಅಂದೆ ನಾನು ಅದನ್ನ?"

ಇನ್ನು ಮಲಗಲಿ ಎಂದ ಅಪ್ಪನ ತೊದಲು ಮಾತು ಟೇಬಲಕ್ಕನ ಕಿವಿಯಲ್ಲಿ ಬಂದು ನಿಂತಿತು. ಹಿಂದಿನ ಕೋಣೆಯಲ್ಲಿ ಹಗಲುಹಗಲೇ ಕೇಳಿದ ಸದ್ದು, ಅದೂ ಬಹುಮಟ್ಟಿಗೆ ಇದೇ ಹೊತ್ತಿನಲ್ಲಿ. ಇವಳು ಇಲ್ಲಿ ಬಂದು ನಿಲ್ಲುವ ಹೊತ್ತು. ಅದನ್ನು ಅವಳು ಮೇಡಂಗೆ ಹೇಳಲಿಲ್ಲ, ಮುಂದೆಯೂ ಎಂದೂ ಹೇಳಲಿಲ್ಲ.

"ಅವನಿಗೆ ಕೇಳಿಸಿರಲ್ಲ," ಎಂದಷ್ಟೇ ಅಂದಳು.

ಆ ಸಂಜೆ ಇಬ್ಬರೂ ಕೆಳಗಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತರು. ಬಿದ್ದು ಮಣಿಕಟ್ಟು ಊದಿಸಿಕೊಂಡು ಅವನು ಆಸ್ಪತ್ರೆಗೆ ಬಂದದ್ದು, ಎಕ್ಸ್‌ರೇ ಕೋಣೆಯಲ್ಲಿ ಕೈ ಅಲ್ಲಾಡಿಸಬೇಡಿ ಎಂದರೆ ನಗಿಸುತ್ತಲೇ ಇದ್ದದ್ದು, ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಇಬ್ಬರೂ ಸಂಸಾರ ಹೂಡಿದ್ದು, ಅವನಿಂದಲೇ ತಾನು ಆ ಹೊಡೆತ ಕಲಿತದ್ದು, ಎಲ್ಲವನ್ನೂ ಮೇಡಂ ಹೇಳಿದಳು. ಮುಖ ಸರಿಯಾಗಿ ನೋಡುವ ಮೊದಲೇ ಅವನ ಮೂಳೆ ನೋಡಿದ್ದೆ ಎಂದು ಹೇಳುವಾಗ ಸಣ್ಣಗೆ ನಕ್ಕಳು. ಮದುವೆ ಎಂದು ಏನೂ ಆಗಿರಲಿಲ್ಲ. ಮೊದಲು ಅಕ್ಕನಿಗೆ ಹೇಳುತ್ತೇನೆ, ಅಕ್ಕ ಒಪ್ಪಿದರೆ ಅಪ್ಪನ ವಿಷಯ ಅವಳೇ ನೋಡಿಕೊಳ್ಳುತ್ತಾಳೆ ಎನ್ನುತ್ತಿದ್ದನಂತೆ.

ಫೋನಲ್ಲಿ ಹೇಳದೆ ಉಳಿಸಿಕೊಂಡ ವಿಷಯ ಇದು. ಟೇಬಲಕ್ಕ ಆಗ ಅತ್ತಳು. ಮೇಡಂ ಅವಳ ಲೋಟ ತೆಗೆದು ಪಕ್ಕಕ್ಕಿಟ್ಟಳು.

ಹೊರಡುವಾಗ ಮೇಡಂ ಕೇಳಿದಳು: "ಅವರು ಮೊಣಕೈ ಯಾಕೆ ಹಾಗೆ ಹಿಡೀತಿದ್ರು? ಕೇಳಿದ್ರೆ ಆಟ ಇರೋದೇ ಹೀಗೆ ಅಂತಿದ್ರು."

ಟೇಬಲಕ್ಕ ಮನೆಯ ಹಿಂದಿನ ಇಕ್ಕಟ್ಟು ಕೋಣೆಯ ವಿಷಯ ಹೇಳಿದಳು. ಮೇಡಂ ತನ್ನ ಬಲ ಮೊಣಕೈಯನ್ನು, ಯಾರದೋ ವಸ್ತು ತನ್ನಲ್ಲಿ ಉಳಿದುಬಿಟ್ಟಿದೆ ಎಂಬಂತೆ, ತಿರುಗಿಸಿ ನೋಡಿಕೊಂಡಳು. ತನ್ನ ಕೈಗೆ ಈ ಗೋಡೆ ಎಲ್ಲಿಂದ ಬಂತು ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ ಎಂದಳು.

ಟೇಬಲಕ್ಕ ಊರಿಗೆ ಮರಳಿದ ಮೇಲೆ ಇಬ್ಬರ ನಡುವೆ ಫೋನು ಶುರುವಾಯಿತು. ಮೇಡಂ ತಾನು ಈಗಲೂ ಹಾಲ್‌ಗೆ ಹೋಗುವುದಾಗಿಯೂ, ಚೆಂಡು ಬೀಳದೇ ಇರುವುದಾಗಿಯೂ ಹೇಳುತ್ತಿದ್ದಳು. ಬೀಳದಿದ್ದರೆ ಒಂದು ಥರ ನಿರಾಳ ಎಂದಳು ಒಮ್ಮೆ. ಹೊಸ ಗುರಿ ಹೇಳಿಕೊಡಲೇ ಎಂದು ಟೇಬಲಕ್ಕ ಕೇಳಿದರೆ ಬೇಡ ಎನ್ನುತ್ತಿದ್ದಳು. ಬಿಸಿಲುಗಾಲ ಬಂದು ಹೋಯಿತು. ಒಂದು ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂತು.

"ಇವತ್ತು ಬಿತ್ತು," ಎಂದಳು ಮೇಡಂ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಚೆಂಡಿಗೆ ಮತ್ತೆ ಕೊಳೆ ಹತ್ತಿರುತ್ತದೆ ಎಂದಳು ಟೇಬಲಕ್ಕ. ಅಷ್ಟು ಜನರ ಕೈ, ಅಷ್ಟು ಚಾಕಿನ ಪುಡಿ. ಅದು ಆಗುವುದೇ.

"ಅದು ನನಗೂ ಗೊತ್ತು. ಆದ್ರೆ ಹೆದರಿಕೆ ಆಗ್ತಿದೆ. ಅವರು ಬದುಕಿದ್ದಾರೆ ಅಂದ್ಕೊಂಡಿದ್ದಾಗ ಇದು ನನ್ನ ಕೈಯಾಗಿತ್ತು. ಈಗ ಬಾಗಿದ ಕೂಡಲೇ ಬಲಗಡೆಯಿಂದ ಯಾರೋ ಒತ್ತಿದ ಹಾಗಾಗುತ್ತೆ. ಕೈ ತಾನಾಗೇ ಒಳಗೆ ಹೋಗುತ್ತೆ. ನೀವು ಬಂದು ನನ್ನ ಕೈ ನೇರ ಮಾಡ್ತೀರಾ?"

ಟೇಬಲಕ್ಕ ಕೋಲು ಹಿಡಿದವಳಲ್ಲ. ಆದರೆ ನೇರ ಎಂದರೆ ಏನು ಎಂದು ಅಪ್ಪನ ಮಗಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಮುಂದಿನ ಬಸ್ಸಿಗೇ ಹೊರಟಳು.

ಯಜಮಾನ ಅವರಿಗಾಗಿ ಮೂಲೆಯ ಟೇಬಲನ್ನು ಬಿಟ್ಟುಕೊಟ್ಟ. ಟೇಬಲಕ್ಕ ಹಿಂದೆ ನಿಂತು, ಮೇಡಂನ ಮೊಣಕೈ ಹಿಡಿದು ಮೆಲ್ಲನೆ ಹೊರಗೆ ಎಳೆದಳು. ಕೈ ಮರದ ಕೊರಡಿನ ಹಾಗೆ ಬಿಗಿದುಕೊಂಡಿತ್ತು. ಎಳೆದಷ್ಟೂ ಒಳಕ್ಕೇ ಒತ್ತುತ್ತಿತ್ತು. ಟೇಬಲಕ್ಕನಿಗೆ ರೇಗಿತು.

"ಮೊಣಕೈ ಆಚೆ," ಎಂದು ಗದರಿದಳು.

ಆ ಧ್ವನಿ ಅವಳದಾಗಿರಲಿಲ್ಲ. ಆ ಗಡಸು, ಆ ಎರಡನೆಯ ಮಾತಿನ ಎಳೆತ ಎಲ್ಲ ಅಪ್ಪನದೇ. ಇದೇ ಮಾತನ್ನು ಇದೇ ಥರ ಹೇಳಿ ಹೇಳಿಯೇ ಅವನು ಮಗನನ್ನು ಮನೆ ಬಿಡಿಸಿದ್ದ. ಟೇಬಲಕ್ಕ ಕೈ ಬಿಟ್ಟು ಹಿಂದೆ ಸರಿದು, ಟೇಬಲಿನ ಅಂಚು ಹಿಡಿದುಕೊಂಡಳು. ಮೇಡಂ ತಿರುಗಿ ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಇವಳ ಬಾಯಲ್ಲೂ ಯಾರೋ ಉಳಿದುಕೊಂಡಿದ್ದಾರೆ ಎಂದು ಅವಳಿಗೆ ತಿಳಿದಿರಬೇಕು.

ಆಮೇಲೆ ಟೇಬಲಕ್ಕ ಬೆನ್ನ ಹಿಂದೆ ನಿಲ್ಲಲಿಲ್ಲ. ತಾನೇ ಒಂದು ಕೋಲು ತೆಗೆದುಕೊಂಡು, ಜೀವಮಾನದಲ್ಲಿ ಮೊದಲ ಸಲ ಬಾಗಿ, ಮೇಡಂನ ಎದುರೇ ಹೊಡೆದು ತೋರಿಸಿದಳು. ಚೆಂಡು ಎತ್ತೆತ್ತಲೋ ಹೋಯಿತು. ಮೇಡಂಗೆ ನಗು ಬಂತು. ನಕ್ಕಾಗ ಅವಳ ಭುಜ ಸಡಿಲವಾಯಿತು. ಸಡಿಲವಾದಾಗ ಕ್ರಮೇಣ ಮೊಣಕೈ ಆಚೆ ಬಂತು. ಇಬ್ಬರೂ ಸಂಜೆಯವರೆಗೂ ಹೊಡೆದರು. ಮರುದಿನವೂ ಹೊಡೆದರು. ಜೋರಾಗಿ ಹೊಡೆದಾಗ ಮೇಡಂನ ಕೋಲು ನೆಟ್ಟಗೆ ಹೋಗತೊಡಗಿತು, ಚೆಂಡು ನೋಡಿದ ಕಡೆಗೇ ಹೋಗಿ ಬಿತ್ತು.

ಮೆಲ್ಲನೆ ಹೊಡೆಯಬೇಕಾದಾಗ ಮಾತ್ರ ಆಗಲಿಲ್ಲ. ವೇಗ ಕಡಿಮೆಯಾದಷ್ಟೂ ಉಜ್ಜು ಜಾಸ್ತಿ, ಚೆಂಡು ಚೆಂಡನ್ನು ಹೆಚ್ಚು ಹಿಡಿಯುತ್ತದೆ; ತಮ್ಮನಿಗೆ ಇಷ್ಟವಾದ ಹೊಡೆತವೂ ಅದೇ. ಮೆಲ್ಲಗೆ ಎಂದುಕೊಂಡ ಕೂಡಲೇ ಮೇಡಂನ ಭುಜ ಕುಗ್ಗುತ್ತಿತ್ತು, ಮೊಣಕೈ ಪಕ್ಕೆಗೆ ಸೇರುತ್ತಿತ್ತು, ಗುರಿ ಎಡಕ್ಕೆ ಓಡುತ್ತಿತ್ತು. ಚೆಂಡು ಪಾಕೆಟ್ಟಿನಲ್ಲಿ ಸದ್ದಿಲ್ಲದೆ ಇಳಿದುಹೋಗುತ್ತಿತ್ತು. ಅದು ಯಾರ ಹೊಡೆತ ಎಂದು ಇಬ್ಬರಿಗೂ ಕಾಣುತ್ತಿತ್ತು.

"ಮೆಲ್ಲನೆ ಹೊಡೆಯೋದು ಹಾಗೇ ಇರಲಿ ಬಿಡು," ಎಂದಳು ಟೇಬಲಕ್ಕ ಕೊನೆಗೆ. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವಳು ಬಿಡು ಎಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಲೈಟು ಆರಿಸಲು ಕಾಯುತ್ತಿದ್ದ ಯಜಮಾನ ಅಷ್ಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಕೇಳಿಯೇಬಿಟ್ಟ: "ತಪ್ಪು ತಿಳೀಬೇಡಿ ಅಕ್ಕಾವ್ರೇ. ಈ ಮೇಡಂ ನಿಮಗೆ ಏನಾಗಬೇಕು?"

"ತಮ್ಮನ ಹೆಂಡತಿ," ಎಂದಳು ಟೇಬಲಕ್ಕ.

ಮೇಡಂ ಕೋಲನ್ನು ಗೋಡೆಯ ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದಳು. ಅದು ಸರಿಯಾಗಿ ಕೂರುವವರೆಗೂ ಈ ಕಡೆ ತಿರುಗಲಿಲ್ಲ. ಆಮೇಲೆ ಬಂದು ಟೇಬಲಕ್ಕನ ಚೀಲವನ್ನು ತಾನೇ ಎತ್ತಿಕೊಂಡಳು.

"ಇವತ್ತು ಲಾಡ್ಜು ಬೇಡ. ನಮ್ಮ ಕೋಣೆಗೇ ಬನ್ನಿ ಅತ್ತಿಗೆ. ಜಾಗ ಚಿಕ್ಕದು, ಇಬ್ಬರಿಗೆ ಆಗುತ್ತೆ."

ಯಜಮಾನ ಬಾಗಿಲು ಹಿಡಿದು ನಿಂತ. ಹೊಸ್ತಿಲ ಹತ್ತಿರ ಇಬ್ಬರೂ ಒಟ್ಟಿಗೇ ನಿಂತುಬಿಟ್ಟರು, ತಮಗಿಂತ ಮುಂದೆ ಇನ್ನೊಬ್ಬರು ಇಳಿಯಲಿ ಎಂದು ದಾರಿ ಬಿಡುವವರ ಹಾಗೆ. ಆಮೇಲೆ ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದರು.